ಡಿ ಡ್ರೈವ್ ಅಳಿಸಬೇಡಿ, ಮಾಸ್ತರೇ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನನ್ನ ಲ್ಯಾಪ್‌ಟಾಪ್‌ನ 1 ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಸಿ ಡ್ರೈವ್‌ಗೆ ಬರೀ 100 ಜಿಬಿ ಕೊಟ್ಟಿದ್ದಾರೆ. ಅದೀಗ ತುಂಬಿ ಕೆಂಪು ಪಟ್ಟಿ ತೋರಿಸುತ್ತಿದೆ. ಡಿ ಅರ್ಧಕ್ಕರ್ಧ ಖಾಲಿ. ವಿಡಿಯೊ ನೋಡಿಕೊಂಡು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಯನ್ನು ಶ್ರಿಂಕ್ ಮಾಡಿ (ಕುಗ್ಗಿಸಿ) 150 ಜಿಬಿ ಬಿಡಿಸಿಕೊಂಡೆ. ಆದರೆ ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಂಕಾಗಿದೆ, ಒತ್ತಲು ಬರುವುದಿಲ್ಲ. ಡಿಯನ್ನೇ ಡಿಲೀಟ್ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ ನಮ್ಮ ಅಳಿಯ. ನಾನು ಊರೂರು ತಿರುಗಿ ರೆಕಾರ್ಡ್ ಮಾಡಿಕೊಂಡ ಹಂತಿ ಪದಗಳೆಲ್ಲ (ಒಕ್ಕಣೆಯ ಹಾಡುಗಳು) ಅದರಲ್ಲಿವೆ. ಏನು ಮಾಡಲಿ?
– ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಮಾಸ್ತರೇ, ಈ ಸಂಚಿಕೆ ನಿಮ್ಮ ಕೈಸೇರುವವರೆಗೂ ಡಿ ಹಾಗೇ ಇರಲಿ ಎಂದು ಹಾರೈಸಿಕೊಂಡೇ ಬರೆಯುತ್ತಿದ್ದೇನೆ. ಆ ಪದ ಹಾಡಿದವರಲ್ಲಿ ಎಷ್ಟು ಜನ ಇನ್ನೂ ಇದ್ದಾರೋ ನಿಮಗೇ ಗೊತ್ತು. ಅವುಗಳಿಗೆ ಇನ್ನೊಂದು ಪ್ರತಿ ಇಲ್ಲದಿದ್ದರೆ ಇವತ್ತೇ ಒಂದು ಹೊರಗಿನ ಹಾರ್ಡ್‌ಡಿಸ್ಕ್ ತಂದು ನಕಲು ಮಾಡಿ. ನಕಲಾದ ಮೇಲೆ ನಾಲ್ಕಾರು ಕಡತ ತೆರೆದು, ನಡುನಡುವೆ ಕೇಳಿ ನೋಡಿ. ಉಳಿದ ಕೆಲಸ ಆಮೇಲೆ.

ಸಿ ಯಾಕೆ ಬೆಳೆಯಲಿಲ್ಲ? ಡಿಸ್ಕಿನ ಜಾಗ ಸಾಲಾಗಿ ಇಟ್ಟ ಹೊಲಗಳ ಹಾಗೆ. ಸಿ ಎಡಗಡೆ, ಅದರ ಪಕ್ಕಕ್ಕೆ ಡಿ. ಶ್ರಿಂಕ್ ಮಾಡಿದಾಗ ಜಾಗ ಬಿಡುವುದು ಡಿಯ ಬಲ ತುದಿಯಲ್ಲಿ, ಅಂದರೆ ಸಿಯಿಂದ ದೂರ. ವಿಂಡೋಸ್‌ಗೆ ಸಿಯ ಬಲ ಬದುವಿಗೆ ಅಂಟಿಕೊಂಡ ಖಾಲಿ ಜಾಗವೇ ಬೇಕು. ನಡುವೆ ಡಿ ಅಡ್ಡ ಇರುವಾಗ 150 ಜಿಬಿ ಖಾಲಿಯಿದ್ದೂ ಪ್ರಯೋಜನವಿಲ್ಲ. ಆ ಲೆಕ್ಕದಲ್ಲಿ ನಿಮ್ಮ ಅಳಿಯಂದಿರು ಹೇಳಿದ್ದು ಪೂರ್ತಿ ತಪ್ಪಲ್ಲ. ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸಿ ಮತ್ತು ಡಿ ನಡುವೆ ‘ರಿಕವರಿ’ ಎಂಬ ಇನ್ನೊಂದು ಸಣ್ಣ ತುಂಡು ಇರುತ್ತದೆ. ಡಿ ಅಳಿಸಿದರೂ ಅದು ಅಡ್ಡವೇ. ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನು ಅಳಿಸಲು ಬಿಡುವುದಿಲ್ಲ. ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕಾದದ್ದು ಅದರಲ್ಲೇ ಇರುವುದರಿಂದ ಬಲವಂತವಾಗಿ ಅಳಿಸುವುದು ನನಗಂತೂ ಇಷ್ಟವಿಲ್ಲ.

ಜೀಪಾರ್ಟೆಡ್‌ನಂಥ ತಂತ್ರಾಂಶದಿಂದ ಆ ತುಂಡನ್ನೂ ಡಿಯನ್ನೂ ಬಲಕ್ಕೆ ಸರಿಸಬಹುದು. ಸರಿಸುವುದೆಂದರೆ ಒಳಗಿನ ದತ್ತಾಂಶವನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಬರೆಯುವುದು. ನಿಮ್ಮಷ್ಟು ದೊಡ್ಡ ಡಿಸ್ಕಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಅರ್ಧದಲ್ಲಿ ಕರೆಂಟ್ ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಹಳೆಯ ಜಾಗದಲ್ಲೂ ಇಲ್ಲ, ಹೊಸ ಜಾಗದಲ್ಲೂ ಇಲ್ಲ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಮೊದಲು ಅದರ 48 ಅಂಕಿಯ ರಿಕವರಿ ಕೀ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು.

ನಿಮಗೆ ಇದ್ಯಾವುದೂ ಬೇಡ ಅನ್ನಿಸುತ್ತದೆ ನನಗೆ. ಸಿ ತುಂಬಿರುವುದು ಬಹುಮಟ್ಟಿಗೆ ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್ ಫೋಲ್ಡರುಗಳಿಂದ. ಮೊದಲು ಬಿಡಿಸಿಕೊಂಡ 150 ಜಿಬಿಯನ್ನು ಡಿಗೇ ಎಕ್ಸ್‌ಟೆಂಡ್ ಮಾಡಿ ಹಿಂದಿರುಗಿಸಿ. ಅದು ಡಿಯ ಬಲಕ್ಕೇ ಇರುವುದರಿಂದ ತಕರಾರಿಲ್ಲದೆ ಸೇರುತ್ತದೆ. ಡಿಯಲ್ಲಿ ‘ಡೌನ್‌ಲೋಡ್ಸ್’ ಎಂಬ ಹೊಸ ಫೋಲ್ಡರ್ ಮಾಡಿ. ಸಿಯಲ್ಲಿರುವ ಡೌನ್‌ಲೋಡ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ‘ಲೊಕೇಶನ್’ಗೆ ಹೋಗಿ ‘ಮೂವ್’ ಒತ್ತಿ ಆ ಹೊಸ ಫೋಲ್ಡರ್ ತೋರಿಸಿ. ಉಳಿದೆರಡಕ್ಕೂ ಹೀಗೇ. ಡಿಸ್ಕ್ ಕ್ಲೀನಪ್‌ನಲ್ಲಿ ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಶನ್’ ಕಂಡರೆ, ಹಳೆಯ ವಿಂಡೋಸ್‌ಗೆ ಮರಳುವ ಯೋಚನೆ ಇಲ್ಲದಿದ್ದಲ್ಲಿ ಟಿಕ್ ಹಾಕಿ ಅಳಿಸಿ. ಎಷ್ಟೋ ಸಲ ಅದೊಂದರಿಂದಲೇ ಹತ್ತಿಪ್ಪತ್ತು ಜಿಬಿ ಬಿಡುತ್ತದೆ.

ಇನ್ನೊಂದು ಮಾತು. ಯಾರಾದರೂ ‘ಸಿ ಫಾರ್ಮ್ಯಾಟ್ ಮಾಡಿಕೊಡುತ್ತೇವೆ’ ಎಂದರೆ ಮೊದಲು ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನ ನಕಲು ತೆಗೆದಿಡಿ. ಹಳೆಯ ನುಡಿ, ಬರಹ ಫಾಂಟುಗಳು ಅಲ್ಲೇ ಇರುವುದು. ಅವು ಹೋದರೆ ನೀವು ಯೂನಿಕೋಡ್‌ಗೂ ಮುಂಚೆ ಟೈಪ್ ಮಾಡಿದ ಪದಗಳ ಪಠ್ಯ ತೆರೆದಾಗ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ.

ಪ್ರಶ್ನೆ: ಹೊರಗಿನ ಹಾರ್ಡ್‌ಡಿಸ್ಕ್ ಹಾಕಿದರೆ ‘ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ರಾ’ ಎಂದಿದೆ. ಮಗುವಿನ ಫೋಟೊಗಳೆಲ್ಲ ಹೋದವೇ?
– ಪುತ್ತೂರಿನ ಓದುಗರು

ಉತ್ತರ: ಇಲ್ಲಮ್ಮ, ಹೋದವು ಎಂದು ಈಗಲೇ ಅಂದುಕೊಳ್ಳಬೇಡಿ. ಪಹಣಿ ಕಳೆದುಹೋದರೆ ಹೊಲದ ಬೆಳೆ ಮಾಯವಾಗುವುದಿಲ್ಲ. ಡಿಸ್ಕಿನ ಮೇಲಿರುವ ‘ಯಾವುದು ಎಲ್ಲಿದೆ’ ಎಂಬ ದಾಖಲೆ ಕೆಟ್ಟಿದೆ, ಅಷ್ಟೇ ಇರಬಹುದು. ಕ್ಯಾನ್ಸಲ್ ಒತ್ತಿ. ಆ ಡಿಸ್ಕಿಗೆ ಹೊಸದಾಗಿ ಏನನ್ನೂ ಬರೆಯಬೇಡಿ.

ಡಿಸ್ಕಿನ ದೋಷ ಹುಡುಕಿ ಸರಿಪಡಿಸಲು ವಿಂಡೋಸ್‌ನಲ್ಲಿರುವ ಚೆಕ್‌ಡಿಸ್ಕ್ ಕೂಡ ಓಡಿಸಬೇಡಿ. ನನ್ನ ಹಳೆಯ ತಪ್ಪೊಂದನ್ನು ಇಲ್ಲಿ ಹೇಳಲೇಬೇಕು. ರಿಪೇರಿ ಕೆಲಸ ಶುರುಮಾಡಿದ ಹೊಸದರಲ್ಲಿ ಒಬ್ಬ ತಾಯಿ ಇಂಥದ್ದೇ ಡಿಸ್ಕ್ ತಂದಿದ್ದರು. ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು. ನಾನು ಚೆಕ್‌ಡಿಸ್ಕ್ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ಫೋಲ್ಡರುಗಳ ಹೆಸರೆಲ್ಲ ಹೋಗಿ ಸಾವಿರಾರು ತುಣುಕು ಕಡತಗಳು ಉಳಿದಿದ್ದವು. ಸಂಜೆ ಹೊತ್ತಿಗೆ ಡಿಸ್ಕ್ ಪೂರ್ತಿ ನಿಂತಿತು. ಆಕೆಯ ಮುಖ ನನಗಿನ್ನೂ ನೆನಪಿದೆ.

ನಿಮ್ಮ ಡಿಸ್ಕಿನಿಂದ ಸದ್ದು ಬರುತ್ತಿದ್ದರೆ ಕೇಬಲ್ ಕಿತ್ತಿಟ್ಟು, ದತ್ತಾಂಶ ತೆಗೆದುಕೊಡುವ ಪರಿಣತರಿಗೆ ಒಯ್ಯಿರಿ. ಸದ್ದಿಲ್ಲದಿದ್ದರೆ ಕೇಬಲ್ ಬದಲಿಸಿ, ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ಆಗಲೂ ಬಾರದಿದ್ದರೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವಿದೆ. ಅದು ಕಳೆದುಹೋದ ಪಾರ್ಟಿಶನ್ (ಡಿಸ್ಕಿನ ಭಾಗ) ಹುಡುಕಿ ಒಳಗಿನ ಕಡತಗಳನ್ನು ತೋರಿಸಬಲ್ಲದು. ಜೊತೆಗೇ ಬರುವ ಫೋಟೋರೆಕ್ ಹೆಸರುಗಳನ್ನು ಉಳಿಸದಿದ್ದರೂ ಚಿತ್ರಗಳನ್ನು ಹೆಕ್ಕುತ್ತದೆ. ಸಿಕ್ಕಿದ್ದನ್ನು ಬೇರೆ ಡಿಸ್ಕಿಗೇ ಉಳಿಸಿ. ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ ಇರುವ ಡಿಸ್ಕ್) ಆಗಿದ್ದು ಫಾರ್ಮ್ಯಾಟ್ ಒತ್ತಿಬಿಟ್ಟಿದ್ದರೆ ಆಸೆ ಕಡಿಮೆ, ಅಳಿಸಿದ ಜಾಗವನ್ನು ಅದು ತಾನೇ ಬೇಗ ಬರಿದು ಮಾಡಿಕೊಳ್ಳುತ್ತದೆ.

ಪ್ರಶ್ನೆ: ಹೊಸ 4 ಟಿಬಿ ಡಿಸ್ಕಿನಲ್ಲಿ 2 ಟಿಬಿ ಮಾತ್ರ ಬಳಸಲು ಸಿಗುತ್ತಿದೆ. ಅಂಗಡಿಯವರು ಮೋಸ ಮಾಡಿದರೇ?
– ತುಮಕೂರಿನ ಓದುಗರು

ಉತ್ತರ: ಮೋಸವಲ್ಲ. ಡಿಸ್ಕನ್ನು ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ಸಿದ್ಧಮಾಡಿದ್ದೀರಿ. ಅದರ ಲೆಕ್ಕ ಸುಮಾರು 2 ಟಿಬಿಗೇ ಮುಗಿಯುತ್ತದೆ. ಒಳಗೆ ಏನಾದರೂ ಹಾಕಿದ್ದರೆ ನಕಲು ತೆಗೆದು, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಡಿಸ್ಕಿನ ಎಲ್ಲ ವಾಲ್ಯೂಮ್ ಅಳಿಸಿ, ಎಡಗಡೆ ‘ಡಿಸ್ಕ್ 1’ ಎಂದಿರುವ ಬೂದು ಪೆಟ್ಟಿಗೆಯ ಮೇಲೆ ರೈಟ್ ಕ್ಲಿಕ್ ಮಾಡಿ ಜಿಪಿಟಿ ಎಂಬ ಹೊಸ ಪದ್ಧತಿಗೆ ಬದಲಿಸಿ. ಗಾತ್ರ ನೋಡಿ ಅದೇ ಹೊಸ ಡಿಸ್ಕ್ ಎಂದು ಖಚಿತಪಡಿಸಿಕೊಂಡೇ ಒತ್ತಿ. ಆಮೇಲೂ 4 ಟಿಬಿಯ ಬದಲು 3.6 ಎಂದು ತೋರಿಸುತ್ತದೆ. ಕಂಪನಿ ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಹಾಗೆ. ಜಾಗ ಅಷ್ಟೇ ಇರುತ್ತದೆ.