ಮೈನರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಬ್ಬ ಹುಡುಗ ನಿಜಕ್ಕೂ ಚೆನ್ನಾಗಿ ಆಡುತ್ತಿದ್ದಾನಾ ಅಂತ ತಿಳಿಯುವುದು ಹೇಗೆ?

ಮೊದಲು ಅವನ ವಯಸ್ಸು ಮತ್ತು ಆಡುತ್ತಿರುವ ಹಂತ ನೋಡಿ, ಬ್ಯಾಟಿಂಗ್ ಸರಾಸರಿ ಆಮೇಲೆ.

ಅಮೆರಿಕದ ಪ್ರತಿ ದೊಡ್ಡ ತಂಡದ ಕೆಳಗೂ ಮೆಟ್ಟಿಲುಗಳ ಹಾಗೆ ಮೈನರ್ ಲೀಗ್ ತಂಡಗಳಿವೆ: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಮೇಲೆ ಹೋದಂತೆ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಜಾಣರಾಗುತ್ತಾರೆ. 25ರ ಆಟಗಾರ ಕೆಳ ಹಂತದ ಎಳೆಯ ಪಿಚರ್‌ಗಳನ್ನು ಚಚ್ಚಿದರೆ ಅದರಲ್ಲಿ ದೊಡ್ಡ ಸುದ್ದಿಯೇನಿಲ್ಲ. 19ರ ಹುಡುಗ ಡಬಲ್-ಎಯಲ್ಲಿ ಹೊಡೆದರೆ ಅದು ಬೇರೆ ಮಾತು. ನಮ್ಮಲ್ಲೂ ಹೀಗೇ ಅಲ್ವಾ? ಕ್ಲಬ್ ಪಂದ್ಯದ ಸೆಂಚುರಿಗಿಂತ, ಹದಿಹರೆಯದವನೊಬ್ಬ ರಣಜಿಯಲ್ಲಿ ಹೊಡೆದ 60ಕ್ಕೆ ಬೆಲೆ ಜಾಸ್ತಿ.

ಬಾಲ್ಟಿಮೋರ್ ಓರಿಯೋಲ್ಸ್‌ನ ಜಾಕ್ಸನ್ ಹಾಲಿಡೇಯನ್ನೇ ನೋಡಿ. 2022ರ ಡ್ರಾಫ್ಟ್‌ನಲ್ಲಿ, ಅಂದರೆ ದೊಡ್ಡ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ, ಮೊದಲ ಹೆಸರು ಅವನದೇ. 2023ರಲ್ಲಿ, 19ರ ವಯಸ್ಸಲ್ಲಿ, ಒಂದೇ ವರ್ಷ ಈ ನಾಲ್ಕೂ ಮೆಟ್ಟಿಲು ಹತ್ತಿದ. ಸರಾಸರಿ .323, ಅಂದರೆ ನೂರು ಬಾರಿ ಬ್ಯಾಟ್ ಮಾಡಿದರೆ ಸುಮಾರು 32 ಸಲ ಹಿಟ್, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟುವುದು. ತುಂಬಾ ಒಳ್ಳೆಯ ಅಂಕಿ. ಅದಕ್ಕಿಂತ ನನಗೆ ಹಿಡಿಸಿದ್ದು ಅವನ ತಾಳ್ಮೆ. ಕೆಟ್ಟ ಎಸೆತಗಳನ್ನು ಸುಮ್ನೆ ಬಿಟ್ಟು, ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಹೋಗುತ್ತಿದ್ದ. ಇದಕ್ಕೆ ವಾಕ್ ಎನ್ನುತ್ತಾರೆ.

ಆದರೂ ಏಪ್ರಿಲ್ 2024ರಲ್ಲಿ ದೊಡ್ಡ ತಂಡಕ್ಕೆ ಬಂದಾಗ 34 ಪ್ರಯತ್ನಗಳಲ್ಲಿ ಹೊಡೆದದ್ದು ಎರಡೇ ಹಿಟ್! 10 ಪಂದ್ಯಗಳಾದ ಮೇಲೆ ಟ್ರಿಪಲ್-ಎಗೆ ವಾಪಸ್. ಕೊನೆಯ ಮೆಟ್ಟಿಲೇ ಎಲ್ಲಕ್ಕಿಂತ ಎತ್ತರ. ಜುಲೈ ಕೊನೆಯಲ್ಲಿ ಮತ್ತೆ ಕರೆ ಬಂತು. ಆಗ ಅವನು ಹೊಡೆದ ಮೊದಲ ಹೋಮ್ ರನ್ನೇ ಗ್ರ್ಯಾಂಡ್ ಸ್ಲಾಮ್, ಒಂದೇ ಏಟಿಗೆ ನಾಲ್ಕು ರನ್.