ತಾರೀಖು ಹಿಡಿದು ಹೊರಡಿ

(ಓದುಗರ ಪ್ರಶ್ನೆಗಳಿಗೆ ಹಾಸನದ ನಿವೃತ್ತ ಸರ್ವೆಯರ್ ಒಬ್ಬರ ಉತ್ತರ)

ಪ್ರಶ್ನೆ: ನಮ್ಮೂರ ಹಿಂದಿನ ಗುಡ್ಡದಲ್ಲಿ ಕಲ್ಲುಕ್ವಾರಿ ಇದೆ. ಮದ್ದು ಸಿಡಿಸಿದಾಗಲೆಲ್ಲ ಮನೆ ಅದುರುತ್ತದೆ. ಗೋಡೆ ಬಿರುಕು ಬಿಟ್ಟಿದೆ. ಆಫೀಸಿಗೆ ಹೋದರೆ ‘ಎಲ್ಲಾ ಪರ್ಮಿಷನ್ ಪ್ರಕಾರವೇ ಇದೆ’ ಅಂತಾರೆ. ಇಂಟರ್‌ನೆಟ್ಟಿನಲ್ಲೇ ‘ಓಪನ್ ಸೋರ್ಸ್ ತನಿಖೆ’ ಮಾಡಬಹುದು ಅಂತ ಮಗ ಹೇಳುತ್ತಾನೆ. ನಮ್ಮಂಥವರಿಗೆ ಆಗುವ ಕೆಲಸವೇ?
ಓದುಗರೊಬ್ಬರು, ಅರಸೀಕೆರೆ ತಾಲ್ಲೂಕು

ಉತ್ತರ: ಆಗುತ್ತದೆ ಯಜಮಾನ್ರೇ. ಹೆಸರು ದೊಡ್ಡದು, ಕೆಲಸ ನಿಮಗೆ ಗೊತ್ತಿರುವುದೇ. ಅದೊಂದು ಮಹಜರು. ಯಾರು ಬೇಕಾದರೂ ನೋಡಬಹುದಾದ ಚಿತ್ರ, ವಿಡಿಯೊ, ಸರ್ಕಾರಿ ಕಾಗದ ಇಟ್ಟುಕೊಂಡು ಮಾಡುವ ಮಹಜರು.

2021ರ ಜನವರಿ 21ರ ರಾತ್ರಿ ನಾನು ಚಿಕ್ಕಮಗಳೂರಿನಲ್ಲಿ ತಂಗಿ ಮನೆಯಲ್ಲಿದ್ದೆ. ಕಿಟಕಿ ಗಾಜು ಗಡಗಡ ಅಂದವು. ಭೂಕಂಪ ಅಂತ ಬೀದಿಗೆ ಬಂದೆವು. ಆಮೇಲೆ ನೋಡಿದರೆ ಶಿವಮೊಗ್ಗದ ಹುಣಸೋಡಿನಲ್ಲಿ ಕ್ರಷರ್ ಹತ್ತಿರ ಸ್ಫೋಟಕ ತುಂಬಿದ ಲಾರಿ ಸಿಡಿದಿತ್ತು. ತಿಂಗಳು ಕಳೆಯುತ್ತಿದ್ದ ಹಾಗೆ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜೆಲೆಟಿನ್ ಸಿಡಿದು ಆರು ಜನ ಹೋದರು. ಅವತ್ತಿನಿಂದ ಇಂಥ ಸುದ್ದಿ ಓದುವಾಗ ನನ್ನ ಕಣ್ಣು ಮೊದಲು ತಾರೀಖು ಹುಡುಕುತ್ತದೆ. ಏನಾಯಿತು ಅನ್ನೋದು ಎಲ್ಲರಿಗೂ ಕಾಣುತ್ತದೆ. ಯಾರಿಗೆ ಯಾವತ್ತಿನಿಂದ ಗೊತ್ತಿತ್ತು ಅನ್ನೋದು ಕಾಗದದಲ್ಲಿ ಇರುತ್ತದೆ.

ಲೆಬನಾನಿನ ಬೈರೂತ್ ಬಂದರನ್ನೇ ನೋಡಿ. 2020ರ ಆಗಸ್ಟ್ 4ರಂದು ಅಲ್ಲಿ 12ನೇ ಗೋದಾಮು ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಫೊರೆನ್ಸಿಕ್ ಆರ್ಕಿಟೆಕ್ಚರ್ ಅಂತ ಒಂದು ತಂಡ ಇದೆ. ಜನ ತಮ್ಮ ಮನೆ ಬಾಲ್ಕನಿಯಲ್ಲಿ, ರಸ್ತೆಯಲ್ಲಿ ನಿಂತು ತೆಗೆದಿದ್ದ ವಿಡಿಯೊಗಳನ್ನು ಇವರು ಸೇರಿಸಿದರು. ಪಕ್ಕದ ಧಾನ್ಯದ ಸೈಲೋ, ಅಂದರೆ ದೊಡ್ಡ ಕಣಜ, ಯಾವ ಕೋನದಲ್ಲಿ ಕಾಣುತ್ತದೆ ಅಂತ ನೋಡಿ ಪ್ರತಿ ಕ್ಯಾಮೆರಾ ಎಲ್ಲಿತ್ತು ಅಂತ ಗುರುತಿಸಿದರು. ಹೊಗೆಯ ಆಕಾರ, ಬಣ್ಣ ನೋಡಿ ಬೆಂಕಿ ಹೇಗೆ ಹಬ್ಬಿತು ಅಂತ ಲೆಕ್ಕ ಹಾಕಿದರು. ಎರಡು ಕಡೆಯಿಂದ ಗೆರೆ ಎಳೆದು ಮೂರನೆಯದನ್ನು ಹಿಡಿಯೋದು, ಅಷ್ಟೇ. ನಮ್ಮ ಸರ್ವೆಯಲ್ಲಿ ಮಾಡಿದ್ದೂ ಅದನ್ನೇ ಅಲ್ವಾ!

ಆದರೆ ನಿರ್ಲಕ್ಷ್ಯ ಅನ್ನೋದು ಹೊಗೆಯಲ್ಲಿ ಸಿಗಲಿಲ್ಲ. ಪತ್ರಗಳಲ್ಲಿ ಸಿಕ್ಕಿತು. ಅಲ್ಲಿ ಸಿಡಿದ 2,750 ಟನ್ ಅಮೋನಿಯಂ ನೈಟ್ರೇಟ್ ಅನ್ನೋ ರಾಸಾಯನಿಕ 2013ರಲ್ಲೇ ರೋಸಸ್ ಅನ್ನೋ ಹಡಗಿನಲ್ಲಿ ಬಂದದ್ದು. ಇದನ್ನು ಸಾಗಿಸಿ ಅಂತ ಕಸ್ಟಮ್ಸ್‌ನವರು ನ್ಯಾಯಾಧೀಶರಿಗೆ ಮತ್ತೆ ಮತ್ತೆ ಬರೆದಿದ್ದರು. ಅದೇ ಗೋದಾಮಿನಲ್ಲಿ ಪಟಾಕಿಯೂ ಇತ್ತು, ಟೈರೂ ಇತ್ತು. ವಿಶಾಖಪಟ್ಟಣದ್ದೂ ಹೀಗೇ. 2020ರ ಮೇ 7ರಂದು ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಅನ್ನೋ ವಿಷಾನಿಲ ಸೋರಿತು. ಉತ್ಪಾದನೆಗೆ ತಕ್ಕ ಪರಿಸರ ಅನುಮತಿ ತನಗೆ ಇಲ್ಲ ಅಂತ ಕಂಪನಿಯೇ ಹಿಂದಿನ ವರ್ಷ, ವಿಸ್ತರಣೆಯ ಅರ್ಜಿ ಜೊತೆ ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿತ್ತು. ಭೋಪಾಲದಲ್ಲಿ ಅನಿಲ ಸೋರಿದ್ದು 1984ರ ಡಿಸೆಂಬರಿನಲ್ಲಿ. ರಾಜ್‌ಕುಮಾರ್ ಕೇಸ್ವಾನಿ ಅನ್ನೋ ಪತ್ರಕರ್ತ ತಮ್ಮ ಸಣ್ಣ ವಾರಪತ್ರಿಕೆಯಲ್ಲಿ ಎಚ್ಚರಿಸಿದ್ದು 1982ರಲ್ಲಿ. ಎಲ್ಲ ಕಡೆ ಅಪಘಾತಕ್ಕಿಂತ ಹಳೆಯದಾದ ಒಂದು ಕಾಗದ ಇದೆ.

ಈಗ ನಿಮ್ಮ ಗುಡ್ಡಕ್ಕೆ ಬರೋಣ. ಮೊದಲು ದಿಶಾಂಕ್ ಆ್ಯಪ್‌ನಲ್ಲಿ ಕ್ವಾರಿಯ ಸರ್ವೆ ನಂಬರ್ ತೆಗೆಯಿರಿ. ಅದರ ಗೆರೆ ನಾಲ್ಕು ಹೆಜ್ಜೆ ಆಚೀಚೆ ಇರಬಹುದು, ಅದನ್ನೇ ನಂಬಿ ಜಗಳಕ್ಕೆ ಹೋಗಬೇಡಿ. ಆಮೇಲೆ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೋ ಹಾಕಿಕೊಂಡು ಹಳೆಯ ಚಿತ್ರಗಳ ಗಡಿಯಾರ ಒತ್ತಿ. ಗುಂಡಿ ವರ್ಷ ವರ್ಷ ಹೇಗೆ ಬೆಳೆದಿದೆ ಅಂತ ಕಾಣುತ್ತದೆ. ಅದರಲ್ಲೇ ಅಳತೆಪಟ್ಟಿ ಇದೆ, ನಿಮ್ಮ ಮನೆಯಿಂದ ಗುಂಡಿ ಅಂಚಿಗೆ ಎಷ್ಟು ಮೀಟರ್ ಅಂತ ಪ್ರತಿ ಚಿತ್ರದಲ್ಲೂ ಬರೆದಿಡಿ. ಚಿತ್ರದ ತಾರೀಖು ಬರೆಯದೆ ಅಳತೆ ಬರೆದರೆ ಅದು ಸುಮ್ನೆ ಕಾಗದ.

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳೂ ಉಚಿತ. ಅದರ ಒಂದು ಚುಕ್ಕೆ 10 ಮೀಟರ್ ಅಗಲ, 10 ಮೀಟರ್ ಉದ್ದ. ಇದನ್ನು ಮೊದಲ ಸಲ ಓದಿದಾಗ ನಗು ಬಂತು. ನಮ್ಮ 33 ಅಡಿ ಚೈನು ಹೆಚ್ಚೂಕಡಿಮೆ 10 ಮೀಟರೇ. ಒಂದು ಚೈನು ಉದ್ದ, ಒಂದು ಚೈನು ಅಗಲ ಅಂದರೆ ಒಂದು ಗುಂಟೆ. ಅಂದರೆ ಆಕಾಶದಿಂದ ಒಂದು ಚುಕ್ಕೆಗೆ ಒಂದು ಗುಂಟೆ! ಮೂವತ್ತು ವರ್ಷ ಬಿಸಿಲಲ್ಲಿ ಚೈನು ಎಳೆಸಿದವನಿಗೆ ಇದಕ್ಕಿಂತ ಸುಲಭದ ಲೆಕ್ಕ ಬೇಕೇ? ಎಕರೆಗೆ 40 ಚುಕ್ಕೆ. ಗುತ್ತಿಗೆ ಕೊಟ್ಟದ್ದು ಎರಡು ಎಕರೆ ಆಗಿದ್ದು, ಚಿತ್ರದಲ್ಲಿ ನೂರೈವತ್ತು ಚುಕ್ಕೆ ಬೋಳಾಗಿದ್ದರೆ ಕೇಳಲು ಪ್ರಶ್ನೆ ಸಿಕ್ಕಿತು ಅಂತ ಅರ್ಥ. ಉತ್ತರ ಸಿಕ್ಕಿತು ಅಂತಲ್ಲ. ಬೋಳಾದದ್ದು ರಸ್ತೆಯೂ ಆಗಿರಬಹುದು, ಪಕ್ಕದ ಇನ್ನೊಂದು ಗುತ್ತಿಗೆಯೂ ಆಗಿರಬಹುದು.

ಮನೆ ಬಿರುಕಿಗೆ ಉಪಗ್ರಹ ಬೇಡ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ತುಂಡನ್ನು ಎರಡೂ ತುದಿಗೆ ಅಂಟಿಸಿ, ತಾರೀಖು ಬರೆಯಿರಿ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಸಿಡಿತ ಕೇಳಿದ ಹೊತ್ತನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಕ್ವಾರಿ ಒಳಗೆ ಮಾತ್ರ ಕಾಲಿಡಬೇಡಿ.

ಕೊನೆಗೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ‘ಕ್ರಮ ಯಾಕೆ ತೆಗೆದುಕೊಂಡಿಲ್ಲ’ ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಗುತ್ತಿಗೆ ಆದೇಶ, ಗಡಿ ನಕ್ಷೆ, ಸ್ಥಳ ತಪಾಸಣೆ ವರದಿಗಳ ನಕಲು ಕೊಡಿ ಅಂತ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ನಾನೂ ಒಂದು ಆಫೀಸಿಗೆ ಹೀಗೇ ಅರ್ಜಿ ಹಾಕಿದ್ದೆ, ಕೆರೆ ಏರಿ ಪಕ್ಕ ಮಣ್ಣು ತೆಗೆದ ವಿಷಯಕ್ಕೆ. ‘ಕಡತ ಲಭ್ಯವಿಲ್ಲ’ ಅಂತ ಎರಡೇ ಸಾಲಿನ ಹಿಂಬರಹ ಬಂತು. ನನ್ನ ಹೆಂಡತಿ ಅದನ್ನು ಹರಿದು ಹಾಕಿ ಅಂದಳು. ನಾನು ಲ್ಯಾಮಿನೇಷನ್ ಮಾಡಿಸಿದೆ. ತಪಾಸಣೆಯ ಕಡತವೇ ಇಲ್ಲ ಅಂತ ಸಹಿ, ಮೊಹರು ಹಾಕಿ ಕೊಟ್ಟ ಕಾಗದ ಅದು. ಮೇಲ್ಮನವಿಗೆ ಅದೇ ಮೊದಲ ಪುಟವಾಯಿತು.

ಪ್ರಶ್ನೆ: ಕುದುರೆಮುಖದ ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಹೂಳು ತುಂಬಿದೆ. ಬ್ರೆಜಿಲ್‌ನಲ್ಲಿ ಅಂಥದ್ದು ಒಡೆದ ವಿಡಿಯೊ ನೋಡಿ ಭಯವಾಯಿತು. ಉಪಗ್ರಹದಲ್ಲಿ ನೋಡೋಣ ಅಂದರೆ ಬರೀ ಬಿಳಿ ಮೋಡ.
ಕಾಲೇಜು ವಿದ್ಯಾರ್ಥಿನಿ, ಕಳಸ

ಉತ್ತರ: ಮಳೆಗಾಲದಲ್ಲಿ ನಿಮ್ಮ ಕಡೆ ಆಕಾಶ ಎಲ್ಲಿ ಕಾಣುತ್ತದಮ್ಮ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಂಟಿನೆಲ್-2 ಬಿಟ್ಟುಬಿಡಿ. ಸೆಂಟಿನೆಲ್-1 ಇದೆ, ರೇಡಾರ್‌ನದ್ದು. ಅದು ಮೋಡದ ಒಳಗಿಂದಲೂ, ರಾತ್ರಿಯೂ ನೋಡುತ್ತದೆ. ಬ್ರೆಜಿಲ್‌ನ ಬ್ರುಮಾಡಿನ್ಯೊ ಅಣೆಕಟ್ಟು 2019ರ ಜನವರಿ 25ರಂದು ಒಡೆದು 270 ಜನ ಸತ್ತರು. ಗಟ್ಟಿಯಾಗಿದೆ ಅಂತ ಅದಕ್ಕೆ ಸರ್ಟಿಫಿಕೇಟ್ ಇತ್ತು. ಆಮೇಲೆ ಹಳೆಯ ರೇಡಾರ್ ಚಿತ್ರಗಳನ್ನು ತೆಗೆದು ನೋಡಿದ ಸಂಶೋಧಕರಿಗೆ ಅದರ ಮೈ ಸ್ವಲ್ಪ ಸ್ವಲ್ಪ ಸರಿಯುತ್ತಿದ್ದದ್ದು ಕಂಡಿತು. ಅದನ್ನು ಮುನ್ಸೂಚನೆ ಅನ್ನಬಹುದೇ ಅನ್ನೋದರಲ್ಲಿ ತಜ್ಞರಲ್ಲೇ ಒಮ್ಮತ ಇಲ್ಲ. ಆ ಲೆಕ್ಕ ನನಗೂ ಬರುವುದಿಲ್ಲ, ಅದಕ್ಕೆ ಕಲಿತವರೇ ಬೇಕು.

ಲಕ್ಯಾ ಹಾಗೆ ಆಗುತ್ತದೆ ಅಂತ ಖಂಡಿತ ನಾನು ಹೇಳುತ್ತಿಲ್ಲ. ಗಣಿ ನಿಂತದ್ದು 2005ರ ಕೊನೆಗೆ. ಅಣೆಕಟ್ಟು ಅಲ್ಲೇ ಇದೆ, ಸುಮಾರು 100 ಮೀಟರ್ ಎತ್ತರ, ಕೆಳಗೆ ಭದ್ರೆ. ಗಣಿ ನಡೆಸುತ್ತಿದ್ದ ಕಂಪನಿ ಕೇಂದ್ರ ಸರ್ಕಾರದ್ದು, ಹಾಗಾಗಿ ಮಾಹಿತಿ ಹಕ್ಕು ಅದಕ್ಕೂ ಅನ್ವಯಿಸುತ್ತದೆ. ಮಳೆಗಾಲದ ಮುಂಚೆ, ನಂತರ ಮಾಡಿದ ತಪಾಸಣೆ ವರದಿಗಳ ನಕಲು ಕೇಳಿ. ಭಯಕ್ಕೆ ವಾಟ್ಸ್ಆ್ಯಪ್ ವಿಡಿಯೊಗಿಂತ ಅದು ಒಳ್ಳೆಯ ಮದ್ದು.

ಪ್ರಶ್ನೆ: ‘ಹಾಸನದ ಕಾರ್ಖಾನೆಗೆ ಬೆಂಕಿ’ ಅಂತ ವಿಡಿಯೊ ಬಂದರೆ ನಿಜವೋ ಸುಳ್ಳೋ ಹೇಗೆ ತಿಳಿಯೋದು?
ಓದುಗರು, ಚಿಕ್ಕಮಗಳೂರು

ಉತ್ತರ: ಬೆಂಕಿ ಬಿಟ್ಟು ಉಳಿದದ್ದೆಲ್ಲ ನೋಡಿ. ಅಂಗಡಿ ಬೋರ್ಡು ಯಾವ ಭಾಷೆಯಲ್ಲಿದೆ, ಬೈಕುಗಳ ನಂಬರ್ ಕೆಎ-13 ಇದೆಯಾ, ನೆರಳು ಯಾವ ಕಡೆ ಬಿದ್ದಿದೆ. ಒಂದು ಲಾರಿ ನಂಬರ್ ನೋಡಿ ತೀರ್ಮಾನ ಬೇಡ, ಲಾರಿ ದೇಶವೆಲ್ಲಾ ಸುತ್ತುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಬಂದರೆ ತೆಗೆದ ಜಾಗ, ಹೊತ್ತಿನ ವಿವರ ಅಳಿಸಿಹೋಗಿರುತ್ತದೆ. ನೀವೇ ತೆಗೆದದ್ದಾದರೆ ಮೂಲ ಫೈಲನ್ನು ಫೋನಿನಲ್ಲೇ ಉಳಿಸಿ, ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿಡಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗೆ ಬೇಕಾಗುತ್ತದೆ.

ಅರಸೀಕೆರೆಯ ಯಜಮಾನ್ರಿಗೆ ಒಂದು ಮಾತು ಮರೆತೆ. ನಿಮಗೂ ಹಿಂಬರಹ ಬಂದರೆ ಒಂದು ಜೆರಾಕ್ಸ್ ನನಗೆ ಕಳಿಸಿ. ತಾರೀಖು, ಮೊಹರು ಸರಿಯಾಗಿ ಕಾಣುವ ಹಾಗೆ ತೆಗೆಸಿ.