ಸಾಂಕ್ರಾಮಿಕದ ಹೊತ್ತಿನಲ್ಲಿ ಸಣ್ಣ ಸ್ಟುಡಿಯೋದಲ್ಲಿ ವುಡ್‌ಕಟ್ (ಮರದ ಹಲಗೆ ಕೆತ್ತಿ, ಮಸಿ ಹಚ್ಚಿ, ಕಾಗದದ ಮೇಲೆ ಚಿತ್ರದ ಅಚ್ಚು ತೆಗೆಯುವುದು) ಮಾಡಿದವರು ಇದ್ದೀರಾ? ಅಚ್ಚೊತ್ತುವ ಪ್ರೆಸ್ ಇಲ್ಲದೆ, ಒಬ್ಬರೇ ಹೇಗೆ ನಿಭಾಯಿಸಿದಿರಿ?

ಇದ್ದೇನೆ. ನೀವು ಕೇಳಿರುವುದರಲ್ಲಿ ಎರಡು ವಿಷಯ ಸೇರಿಕೊಂಡಿದೆ. ಹತ್ತಾರು ಜನ ಹಂಚಿಕೊಳ್ಳುವ ಸ್ಟುಡಿಯೋ ಕೋವಿಡ್ ಕಾಲದಲ್ಲಿ ಹೇಗೆ ನಡೆಯಿತು ಅನ್ನುವುದು ಒಂದು. ಪ್ರೆಸ್ ಕೈಗೆ ಸಿಗದಿದ್ದರೂ ಮರದ ಅಚ್ಚಿನಿಂದ ಒಳ್ಳೆಯ ಪ್ರಿಂಟ್ ತೆಗೆಯಬಹುದಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸುಲಭ: ಧಾರಾಳವಾಗಿ ತೆಗೆಯಬಹುದು. ಮೊದಲನೆಯದಕ್ಕೆ ಸ್ವಲ್ಪ ಕಥೆ ಹೇಳಬೇಕು.

ನಮ್ಮದು ಒಂದೇ ಕೋಣೆ. ಕೈಯಲ್ಲಿ ಚಕ್ರ ತಿರುಗಿಸುವ ಒಂದು ಪ್ರೆಸ್, ಎರಡು ಮೇಜು, ಮಸಿ ಹರಡಲು ದಪ್ಪ ಗಾಜು, ಪ್ರಿಂಟ್ ಒಣಹಾಕಲು ತಂತಿಯ ರ‍್ಯಾಕ್. ಮೊದಲೆಲ್ಲ ಆರೇಳು ಜನ ಭುಜಕ್ಕೆ ಭುಜ ತಾಗಿಸಿಕೊಂಡೇ ಕೆಲಸ ಮಾಡುತ್ತಿದ್ದೆವು. 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ಕೆಲವು ತಿಂಗಳ ಮೇಲೆ ತೆರೆದಾಗ ನಿಯಮ ಹೀಗಿತ್ತು: ಒಂದು ಸಲಕ್ಕೆ ಒಬ್ಬರೇ, ಎರಡೇ ಗಂಟೆ, ಮಾಸ್ಕ್ ಕಡ್ಡಾಯ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಅರ್ಧ ಗಂಟೆ ಕಿಟಕಿಗಳೆಲ್ಲ ತೆರೆದಿರಬೇಕು. ಹೊರಡುವ ಮುಂಚೆ ಪ್ರೆಸ್‌ನ ಹಿಡಿ, ನಲ್ಲಿ, ಸ್ವಿಚ್ಚು ಎಲ್ಲ ಒರೆಸಿ ಹೋಗಬೇಕು.

ಪ್ರಿಂಟ್ ಮಾಡುವವರಿಗೆ ಎರಡು ಗಂಟೆ ಯಾವ ಮೂಲೆಗೂ ಸಾಲದು. ಆದರೂ ವುಡ್‌ಕಟ್‌ನವರು ಬಚಾವಾದೆವು. ಎಚಿಂಗ್, ಅಂದರೆ ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆಸುವ ಕೆಲಸ ಮಾಡುವವರಿಗೆ ಆಸಿಡ್ ತೊಟ್ಟಿ ಬೇಕು. ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ತೆಗೆಯುವ ಲಿಥೋಗ್ರಾಫಿನ ಭಾರದ ಕಲ್ಲನ್ನು ಹೆಗಲ ಮೇಲೆ ಹೊತ್ತು ಯಾರು ಮನೆಗೆ ಹೋಗುತ್ತಾರೆ? ನಮಗೆ ಒಂದು ಹಲಗೆ, ನಾಲ್ಕು ಉಳಿ ಇದ್ದರೆ ಮುಗಿಯಿತು. ಮುಕ್ಕಾಲು ಪಾಲು ಕೆಲಸ ಕೆತ್ತುವುದೇ, ಅದನ್ನು ಮನೆಯ ಕಿಟಕಿ ಪಕ್ಕ ಕೂತು ಮಾಡಬಹುದು. ಸ್ಟುಡಿಯೋದವರು ಇದ್ದಬದ್ದ ಉಳಿಗಳನ್ನೆಲ್ಲ ವಿಂಗಡಿಸಿ ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಮಾಡಿ ಕೊಟ್ಟುಬಿಟ್ಟರು. ಹಂಚಿಕೊಂಡು ಬಳಸುವಾಗ ಆ ಉಳಿಗಳಿಗೆ ಸಾಣೆ ಹಿಡಿಯುವವರೇ ಇರಲಿಲ್ಲ. ನಮ್ಮದೇ ಅಂತ ಆದಮೇಲೆ ಎಲ್ಲರ ಉಳಿಯೂ ಹರಿತವಾಯಿತು ನೋಡಿ!

ಹರಿತದ ಬಗ್ಗೆ ಎರಡು ಮಾತು ಹೇಳಲೇಬೇಕು. ಮೊಂಡು ಉಳಿ ಮರವನ್ನು ಹರಿದುಹಾಕುತ್ತದೆ. ಹದವಾಗಿದ್ದರೆ ಸಿಪ್ಪೆ ಪೆನ್ಸಿಲ್ ಕೆತ್ತಿದ ಹಾಗೆ ಸುರುಳಿ ಸುರುಳಿಯಾಗಿ ಏಳುತ್ತದೆ, ಗೆರೆಯ ಒಳಗೋಡೆ ಸಣ್ಣಗೆ ಹೊಳೆಯುತ್ತದೆ. ಅರ್ಧ ಗಂಟೆಗೊಮ್ಮೆ ಚರ್ಮದ ಪಟ್ಟಿಯ ಮೇಲೆ ನಾಲ್ಕು ಸಲ ಎಳೆದರೆ ಸಾಕು. ನಾನು ಬಳಸಿದ್ದು 6 ಮಿಲಿಮೀಟರ್ ಪ್ಲೈವುಡ್. ಮರದ ಎಳೆಯ ಜೊತೆಗೆ ಹೋಗುವಾಗ ಬೆಣ್ಣೆ, ಎಳೆಗೆ ಅಡ್ಡ ಹೋದರೆ ಚಕ್ಕೆ ಎದ್ದು ಪಕ್ಕದ ಗೆರೆಯನ್ನೂ ಕಿತ್ತುಕೊಂಡು ಹೋಗುತ್ತದೆ. ಅಡ್ಡ ಗೆರೆ ಬೇಕಾದಾಗ ಮೊದಲು ಚಾಕುವಿನಲ್ಲಿ ಅಂಚನ್ನು ಕೊಯ್ದಿಟ್ಟುಕೊಂಡು, ಆಮೇಲೆ ವಿ ಆಕಾರದ ಉಳಿ ಹಾಕಿ. ಕೆತ್ತುವ ಮುಂಚೆ ಹಲಗೆಗೆ ತೆಳುವಾಗಿ ಕಪ್ಪು ಮಸಿ ಬಳಿದಿದ್ದರೆ ಕೆತ್ತಿದ್ದೆಲ್ಲ ಬೆಳ್ಳಗೆ ಕಾಣುತ್ತದೆ, ಪ್ರಿಂಟ್ ಹೇಗೆ ಬರಬಹುದು ಎಂದು ಅಲ್ಲೇ ಅಂದಾಜು ಸಿಗುತ್ತದೆ. ಇನ್ನೊಂದು, ಎಡಗೈ ಯಾವಾಗಲೂ ಉಳಿಯ ಹಿಂದೆಯೇ ಇರಲಿ. ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದ ದಿನಗಳಲ್ಲಿ ಹೆಬ್ಬೆರಳಿಗೆ ಹೊಲಿಗೆ ಹಾಕಿಸಿಕೊಳ್ಳಲು ಹೋಗುವ ಪರಿಸ್ಥಿತಿ ಯಾರಿಗೂ ಬೇಡವಾಗಿತ್ತು.

ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಏನಾಗುತ್ತದೆ ಎಂದು ನನ್ನ ಮೊದಲ ಹಲಗೆಯೇ ತೋರಿಸಿಕೊಟ್ಟಿತು. ಅಚ್ಚು ಕನ್ನಡಿಯ ಹಾಗೆ, ಎಲ್ಲವೂ ಉಲ್ಟಾ ಬರುತ್ತದೆ. ಇದು ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಮೂಲೆಯಲ್ಲಿ 2020 ಎಂದು ನೆಟ್ಟಗೆ ಕೆತ್ತಿಬಿಟ್ಟಿದ್ದೆ. ಪ್ರಿಂಟ್ ಎತ್ತಿ ನೋಡಿದರೆ ಎರಡು ಸೊನ್ನೆ ಮಾತ್ರ ಸರಿಯಾಗಿದ್ದವು! ಸ್ಟುಡಿಯೋದಲ್ಲಿ ಕೂತು ಕೆತ್ತಿದ್ದರೆ ಹಿಂದಿನಿಂದ ಹಾದು ಹೋಗುವವರು ಯಾರಾದರೂ "ಅಯ್ಯೋ, ಅಂಕಿ ನೋಡ್ಕೊಳ್ಳಿ" ಎನ್ನುತ್ತಿದ್ದರು.

ಈಗ ಪ್ರಿಂಟಿಂಗ್‌ಗೆ ಬರುತ್ತೇನೆ, ನಿಜವಾದ ಪೇಚು ಇದ್ದದ್ದು ಅಲ್ಲಿ. ಪ್ರಿಂಟ್ ಮಾಡುವಾಗ ಸಾಮಾನ್ಯವಾಗಿ ಇಬ್ಬರಿರುತ್ತಾರೆ. ಒಬ್ಬರದು ಕೊಳಕು ಕೈ, ಅವರು ಮಸಿ ಹಚ್ಚುತ್ತಾರೆ, ಹಲಗೆ ಮುಟ್ಟುತ್ತಾರೆ. ಇನ್ನೊಬ್ಬರದು ಶುದ್ಧ ಕೈ, ಅವರು ಕಾಗದ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇಲ್ಲಿ ಕೈ ಮಸಿಯಾದರೆ ಕಾಗದವೂ ಮಸಿ, ಅಷ್ಟೇ. ಎರಡೂ ಕೈ ನಾನೇ ಆದಾಗ ಮೊದಲ ದಿನ ಹತ್ತು ಕಾಗದದಲ್ಲಿ ಏಳಕ್ಕೆ ಬೆರಳಚ್ಚು ಬಿತ್ತು. ಪ್ರತಿ ಸಲ ಕೈ ತೊಳೆದೆ, ಅರ್ಧ ಸಮಯ ನಲ್ಲಿಯ ಹತ್ತಿರವೇ ಹೋಯಿತು. ಸ್ಯಾನಿಟೈಸರ್ ಹಚ್ಚಿ ಕೈ ಆರುವ ಮುಂಚೆಯೇ ಮುಟ್ಟಿದೆ, ತೆಳು ಕಾಗದ ಅಲ್ಲೇ ಸುಕ್ಕಾಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಬೆರಳಗಲದ ರಟ್ಟಿನ ತುಂಡುಗಳು. ಅವನ್ನು ಮಧ್ಯಕ್ಕೆ ಮಡಚಿ ಚಿಮಟದ ಹಾಗೆ ಮಾಡಿಕೊಂಡು, ಕೈಗೊಂದರಂತೆ ಹಿಡಿದು ಕಾಗದದ ಎದುರುಬದುರು ಮೂಲೆ ಎತ್ತುವುದು. ಜೊತೆಗೆ ದೊಡ್ಡ ರಟ್ಟಿನ ಮೇಲೆ ಹಲಗೆಗೊಂದು, ಕಾಗದಕ್ಕೊಂದು ಮೂಲೆಗಟ್ಟೆ ಅಂಟಿಸಿಕೊಂಡೆ. ಹಲಗೆ ಅದರದೇ ಜಾಗದಲ್ಲಿ ಕೂರುತ್ತದೆ, ಕಾಗದದ ಮೂಲೆಯನ್ನು ಗಟ್ಟೆಗೆ ತಾಗಿಸಿ ಬಿಟ್ಟರೆ ಆಯಿತು, ನೆಟ್ಟಗೆ ಬೀಳುತ್ತದೆ.

ಮಸಿಯ ಹದ ತಿಳಿಯುವುದು ಕಿವಿಯಿಂದ. ಗಾಜಿನ ಮೇಲೆ ರೋಲರ್ ಆಡಿಸುವಾಗ ಮಸಿ ಜಾಸ್ತಿಯಾಗಿದ್ದರೆ ಪಚಪಚ ಅನ್ನುತ್ತದೆ. ಸರಿಯಾಗಿದ್ದರೆ ಸಣ್ಣಗೆ, ಒಂದೇ ಸಮ ಸುಂಯ್‌ಗುಡುತ್ತದೆ, ರೇಷ್ಮೆ ಬಟ್ಟೆ ಉಜ್ಜಿದ ಹಾಗೆ. ಆರು ಜನ ಮಾತಾಡುತ್ತಿದ್ದ ಕೋಣೆಯಲ್ಲಿ ಇದು ನನಗೆ ಯಾವತ್ತೂ ಇಷ್ಟು ಸ್ಪಷ್ಟವಾಗಿ ಕೇಳಿಸಿರಲಿಲ್ಲ. ಮಾಸ್ಕಿನಿಂದ ಕನ್ನಡಕ ಮಂಜಾಗಿ ಕಣ್ಣು ಕಾಣದಿದ್ದಾಗ ಕಿವಿಯನ್ನೇ ನಂಬಬೇಕಾಯಿತು. ಮಸಿ ದಪ್ಪವಾದರೆ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ತೆಳುವಾಗಿ ಐದಾರು ಸಲ ಹಚ್ಚುವುದೇ ಒಳ್ಳೆಯದು.

ಪ್ರೆಸ್ ಇಲ್ಲದೆ ಹೇಗೆ ಅಂದಿರಲ್ಲ. ಜಪಾನಿನ ಕಲಾವಿದ ಹೊಕುಸಾಯಿಯ ಹೆಸರಾಂತ ಮರದಚ್ಚಿನ ಚಿತ್ರ 'ದೊಡ್ಡ ಅಲೆ', ಸುಮಾರು 1831ರದು, ಪ್ರೆಸ್ಸನ್ನೇ ಕಾಣದ ಪ್ರಿಂಟ್. ಜಪಾನಿನಲ್ಲಿ ಬಿದಿರಿನ ಹೊರಪೊರೆ ಸುತ್ತಿದ ಬಾರೆನ್ ಎಂಬ ತಟ್ಟೆಯಿಂದ ಕಾಗದದ ಬೆನ್ನನ್ನು ಉಜ್ಜಿ ಅಚ್ಚು ತೆಗೆಯುತ್ತಾರೆ. ನಾನು ಮರದ ಸೌಟಿನ ಬೆನ್ನು ಬಳಸಿದೆ. ಇದಕ್ಕೆ ತೆಳ್ಳಗಿನ, ಉದ್ದ ನಾರಿನ ಕಾಗದ ಬೇಕು, ಹಿಪ್ಪುನೇರಳೆ ಜಾತಿಯ ಗಿಡದ ನಾರಿನಿಂದ ಮಾಡುವ ಜಪಾನಿನ ಕೋಜೋ ಕಾಗದ ಆದರೆ ಬಹಳ ಚೆನ್ನ. ಉಜ್ಜುತ್ತಾ ಹೋದಂತೆ ಮಸಿ ಹಿಂಬದಿಯಿಂದಲೇ ನೆರಳಿನ ಹಾಗೆ ಕಾಣಲು ಶುರುವಾಗುತ್ತದೆ. ಎಲ್ಲಿ ಪೇಲವವಾಗಿದೆಯೋ ಅಲ್ಲಿ ಇನ್ನೊಂದು ಸುತ್ತು. ಒಂದು ಕೈಯಲ್ಲಿ ಕಾಗದ ಒತ್ತಿ ಹಿಡಿದು ಒಂದೇ ಮೂಲೆ ಎತ್ತಿ ನೋಡಬಹುದು, ಬೇಕಾದರೆ ಅಲ್ಲಿಗಷ್ಟೇ ಮಸಿ ಹಚ್ಚಿ ಮತ್ತೆ ಇಳಿಸಬಹುದು. ಪ್ರೆಸ್‌ನಲ್ಲಿ ಈ ಸೌಲಭ್ಯ ಇಲ್ಲ. ಎ4 ಅಳತೆಯದಕ್ಕೆ ನನಗೆ ಹತ್ತು ನಿಮಿಷ ಬೇಕಾಗುತ್ತಿತ್ತು, ಭುಜ ನೋಯುತ್ತಿತ್ತು. ದೊಡ್ಡ ಕಪ್ಪು ಜಾಗ ಇರುವ ಚಿತ್ರಕ್ಕೆ ಮಾತ್ರ ಈಗಲೂ ಪ್ರೆಸ್ಸೇ ಬೇಕು ಅನ್ನುತ್ತೇನೆ.

ಬಣ್ಣ ಹಾಕುವ ಆಸೆ ಇದ್ದರೆ ಒಂದು ಉಪಾಯ. ಎಣ್ಣೆ ಮಸಿ ಒಣಗಲು ದಿನಗಟ್ಟಲೆ ಬೇಕು, ಒಂದೊಂದು ಬಣ್ಣಕ್ಕೂ ಬೇರೆ ಹಲಗೆ ಅಂದರೆ ಮೂರು ಬಣ್ಣಕ್ಕೆ ಮೂರು ಸರದಿ ಕಾಯಬೇಕು. ನಾರ್ವೆಯ ಕಲಾವಿದ ಎಡ್ವರ್ಡ್ ಮುಂಕ್ 1890ರ ದಶಕದ ಕೊನೆಯಲ್ಲಿ ಹಲಗೆಯನ್ನೇ ಗರಗಸದಲ್ಲಿ ಆಕಾರಕ್ಕೆ ತಕ್ಕಂತೆ ತುಂಡು ಮಾಡಿ, ತುಂಡಿಗೊಂದು ಬಣ್ಣ ಹಚ್ಚಿ, ಮತ್ತೆ ಜೋಡಿಸಿ ಒಂದೇ ಸಲಕ್ಕೆ ಅಚ್ಚು ತೆಗೆಯುತ್ತಿದ್ದ. ಎರಡು ಗಂಟೆಯ ಸರದಿಗೆ ಹೇಳಿ ಮಾಡಿಸಿದ ದಾರಿ. ಗರಗಸ ಓಡಿದ ಕಡೆ ಸಣ್ಣ ಬಿಳಿ ಗೆರೆ ಉಳಿಯುತ್ತದೆ, ನನಗೆ ಅದೇ ಇಷ್ಟ.

ತೊಳೆಯಲು ಟರ್ಪೆಂಟೈನ್ ಬೇಡ. ಅಡುಗೆ ಎಣ್ಣೆ ಹಾಕಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ನೀರು. ಆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದು ಹೋಗಬೇಡಿ. ಮಸಿಯಲ್ಲಿರುವ ಅಗಸೆ ಎಣ್ಣೆ ಒಣಗುತ್ತಾ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ಮುಚ್ಚಳ ಇರುವ ತಗಡಿನ ಡಬ್ಬಿಗೆ ಹಾಕಿ. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಾಗ ಇದನ್ನು ಮರೆಯಲೇಬಾರದು.

ಒಬ್ಬರನ್ನೊಬ್ಬರು ನೋಡದಿದ್ದರೂ ಒಣಹಾಕುವ ರ‍್ಯಾಕ್ ಇತ್ತಲ್ಲ. ಹೋದ ತಕ್ಷಣ ಮೊದಲು ಅದನ್ನೇ ನೋಡುತ್ತಿದ್ದೆ, ಹಿಂದಿನವರು ಏನು ಮಾಡಿದ್ದಾರೆ ಎಂದು. ಒಂದು ದಿನ ಅಲ್ಲಿ ಉದ್ದ ಕೂದಲು, ಹಕ್ಕಿಯ ಕೊಕ್ಕು, ಮೈತುಂಬ ಮೀನಿನ ಹುರುಪೆ ಇರುವ ವಿಚಿತ್ರ ಪ್ರಾಣಿಯ ಹತ್ತು ಪ್ರಿಂಟ್ ಇತ್ತು. "ಒಂದು ತಗೊಳ್ಳಿ" ಎಂಬ ಚೀಟಿ ಬೇರೆ. ಅದು ಅಮಾಬಿಯೆ. 1846ರ ಜಪಾನಿನ ಒಂದು ಮರದಚ್ಚಿನ ಸುದ್ದಿಹಾಳೆಯಲ್ಲಿ ಬರುತ್ತದೆ. ಸಮುದ್ರದಿಂದ ಎದ್ದು ಬಂದು, ರೋಗ ಹರಡಿದರೆ ನನ್ನ ಚಿತ್ರ ಬರೆದು ಜನರಿಗೆ ತೋರಿಸಿ ಎಂದಿತಂತೆ. ಆ ಹಾಳೆ ಈಗ ಕ್ಯೋಟೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ, 2020ರಲ್ಲಿ ಲೋಕವೆಲ್ಲ ಅದರ ಚಿತ್ರ ಬರೆಯಿತು. ಮೂಲ ಚಿತ್ರ ಮಗು ಗೀಚಿದ ಹಾಗಿದೆ. ನಾನೂ ಒಂದು ತಗೊಂಡೆ, ಬದಲಿಗೆ ನನ್ನದೊಂದು ಬಿಟ್ಟು ಬಂದೆ. ಅಲ್ಲಿಂದ ಅದೊಂದು ರೂಢಿಯೇ ಆಯಿತು. ಕೆಲವರ ಮುಖ ಗೊತ್ತಾಗುವ ಮುಂಚೆ ಅವರ ಉಳಿಯ ಗೀರು ಗೊತ್ತಾಗಿತ್ತು.

2021ರ ಕೊನೆಯ ಹೊತ್ತಿಗೆ ಒಂದು ಸಲಕ್ಕೆ ಇಬ್ಬರು ಬರಬಹುದು ಎಂದಾಯಿತು. ನನ್ನ ಸರದಿಗೆ ಬಂದವರು ಆ ಅಮಾಬಿಯೆ ಕೆತ್ತಿದವರೇ. ನಾನು ಮಸಿ ಹಚ್ಚಿದೆ. ರಟ್ಟಿನ ಚಿಮಟಕ್ಕೆ ಕೈ ಹಾಕುವಷ್ಟರಲ್ಲಿ ಅವರು ಆಗಲೇ ಕಾಗದದ ಎರಡು ಮೂಲೆ ಹಿಡಿದು ನಿಂತಿದ್ದರು. ಇಳಿಸಿದರು, ಪ್ರೆಸ್ ತಿರುಗಿಸಿದೆವು, ಎತ್ತಿ ಬೆಳಕಿಗೆ ಹಿಡಿದು ಮಾಸ್ಕಿನ ಒಳಗಿನಿಂದಲೇ ಅಂದರು: "ಎಡಗಡೆ ಮಸಿ ಕಮ್ಮಿ ಆಯ್ತು, ಅಲ್ವಾ?"